ಬಣ್ಣದ ವೇಷದ ಕಣ್ಣಿಗೆ ಫೋಕಸ್: ಮೀಡಿಯಂ ಫಾರ್ಮ್ಯಾಟ್ ಹಿಡ್ಕೊಂಡು ಮೂರು ತಿರುಗಾಟ

ಯಕ್ಷಗಾನ ಆಟಕ್ಕೆ ಮೀಡಿಯಂ ಫಾರ್ಮ್ಯಾಟ್ (ಫುಲ್ ಫ್ರೇಮ್‌ಗಿಂತ ದೊಡ್ಡ ಸೆನ್ಸರ್ ಇರೋ ಕ್ಯಾಮೆರಾ) ತಗೊಂಡು ಹೋಗ್ತೀನಿ ಅಂದಾಗ ನಮ್ಮ ಕಡೆ ಫೋಟೋ ತೆಗೆಯೋರಲ್ಲಿ ಒಬ್ಬರೂ ಸೈ ಅನ್ಲಿಲ್ಲ. "ಅದು ಸ್ಟುಡಿಯೋದಲ್ಲಿ ಟ್ರೈಪಾಡ್ ಮೇಲಿಟ್ಟು ಬಂಗಾರದ ಅಂಗಡಿ ಜಾಹೀರಾತು ತೆಗೆಯೋಕೆ ಇರೋದು ಮಾರಾಯ, ಧೀಂಗಿಣ ಹಾಕಿ ಗಿರಗಿರ ಸುತ್ತೋವಾಗ ಅದರ ಫೋಕಸ್ ಕೂರೋ ಹೊತ್ತಿಗೆ ಭಾಗವತ್ರು ಮಂಗಳ ಹಾಡಿರ್ತಾರೆ" ಅಂತ ಒಬ್ಬ ಗೆಳೆಯ ಅಂದಿದ್ದ. ಮೊದಲ ವರ್ಷ ಅವನ ಮಾತಲ್ಲಿ ಸುಳ್ಳೇನೂ ಇರ್ಲಿಲ್ಲ. ಈಗ ಮೂರನೇ ತಿರುಗಾಟ, ಅಂದ್ರೆ ಮೇಳಗಳು ಊರೂರು ಸುತ್ತಿ ಆಟ ಆಡೋ ಸೀಸನ್, ಮುಗೀತು. ಪತ್ತನಾಜೆಗೆ (ತಿರುಗಾಟ ಮುಗಿಯೋ ದಿನ) ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಒಂದು ವಾರ ಕೂತು ಆ ಸೀಸನ್‌ದು ಎಲ್ಲಾ ಫೈಲ್ ನೂರು ಪರ್ಸೆಂಟ್‌ಗೆ ಝೂಮ್ ಮಾಡಿ ನೋಡ್ದೆ, ರಂಗಸ್ಥಳದ್ದು ಹತ್ತರಲ್ಲಿ ಏಳು, ಚೌಕಿದು (ಕಲಾವಿದರು ಬಣ್ಣ ಹಚ್ಕೊಳ್ಳೋ ಜಾಗ) ಹತ್ತರಲ್ಲಿ ಒಂಬತ್ತು ಫ್ರೇಮ್ ಕಣ್ಣಿಗೇ ಶಾರ್ಪ್. ಅದಕ್ಕೇ ಬರೀತಿದ್ದೀನಿ. ಕೇಳ್ದೋರಿಗೆಲ್ಲ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು ಅನ್ನೋದೂ ಒಂದು ಕಾರಣ.

ನನ್ನ ಹೊಟ್ಟೆಪಾಡು ಮದುವೆ ಫೋಟೋ, ಹದಿನೈದು ವರ್ಷದ ಮೇಲಾಯ್ತು. ಆಟದ ಫೋಟೋ ಹುಚ್ಚು ಅದಕ್ಕಿಂತ ಹಳೇದು. ಫುಲ್ ಫ್ರೇಮ್‌ನಲ್ಲೇ ಚೆನ್ನಾಗಿ ಬರ್ತಿತ್ತಲ್ಲ, ಇದ್ಯಾಕೆ ಬೇಕಿತ್ತು ಅಂತ ಎಲ್ಲರೂ ಕೇಳ್ತಾರೆ. ಬ್ಯಾಕ್‌ಗ್ರೌಂಡ್ ಬ್ಲರ್‌ಗಲ್ಲ ಮಾರಾಯ್ರೆ, ಪ್ರಿಂಟಿಗೆ. ತೆಂಕಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರದ, ಮುಖ ಹತ್ತಿರದಿಂದ ನೋಡಿದೋರಿಗೆ ಗೊತ್ತು, ಅಕ್ಕಿಹಿಟ್ಟು ಸುಣ್ಣ ಕಲಸಿ ಇಟ್ಟ ಚುಟ್ಟಿ ಮುಳ್ಳು ಮುಳ್ಳಾಗಿ ಎದ್ದು ನಿಂತಿರುತ್ತೆ, ಅದನ್ನ ಇಡೋಕೇ ಕಲಾವಿದರು ಮೂರು ನಾಲ್ಕು ಗಂಟೆ ಕೂತಿರ್ತಾರೆ. ನನ್ನ 24 ಮೆಗಾಪಿಕ್ಸೆಲ್ ಫೈಲನ್ನ ಒಂದ್ಸಲ 40 ಇಂಚಿಗೆ ಪ್ರಿಂಟ್ ಹಾಕ್ಸಿದ್ದೆ, ಅಷ್ಟು ಹೊತ್ತಿನ ಕೆಲಸ ಬಿಳಿ ಬಣ್ಣ ಮೆತ್ತಿದ ಹಾಗೆ ಕಾಣ್ತಿತ್ತು. ಕಲಾವಿದರು ನೋಡಿ ಏನೂ ಅನ್ಲಿಲ್ಲ, ಚಂದ ಉಂಟು ಅಂದ್ರು, ಆದ್ರೆ ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. 102 ಮೆಗಾಪಿಕ್ಸೆಲ್ ಅಂದ್ರೆ 11648 ಇಂಟು 8736, 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕ ಹಾಕಿದ್ರೂ ಹಿಗ್ಗಿಸದೇನೇ 38 ಇಂಚು ಚಿಲ್ರೆ ಬರುತ್ತೆ. ಆ ಲೆಕ್ಕ ಒಂದೇ ನನ್ನನ್ನ ಇಲ್ಲಿಗೆ ಎಳ್ಕೊಂಡು ಬಂದಿದ್ದು.

ಮೊದಲ ಸಲ ಬಾಡಿಗೆಗೆ ತಂದೆ. ಬೆಂಗಳೂರಿಂದ ಬಸ್ಸಲ್ಲಿ ತರಿಸ್ಕೊಂಡಿದ್ದು 50 ಮೆಗಾಪಿಕ್ಸೆಲ್ ಬಾಡಿ, ಕಾಂಟ್ರಾಸ್ಟ್ ಡಿಟೆಕ್ಟ್ ಎಎಫ್ (ಆಟೋಫೋಕಸ್) ಮಾತ್ರ ಇರೋದು, ಅದರ ಜೊತೆ 80 ಎಂಎಂ ಎಫ್/1.7. ಕತ್ತಲಲ್ಲಿ ತೆಗೆಯೋದು, ಹಾಗಾಗಿ ದೊಡ್ಡ ಅಪರ್ಚರ್ ಇರೋದೇ ಬೇಕು ಅಂತ ನನ್ನ ಲೆಕ್ಕ. ನಾಲ್ಕು ದಿನದ ಬಾಡಿಗೆ, ಪಾರ್ಸೆಲ್, ಎಲ್ಲಾ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೋಯ್ತು, ಡೆಪಾಸಿಟ್ ಬೇರೆ. ಎರಡು ಆಟ, ಏಳುನೂರು ಫ್ರೇಮ್ ಇರ್ಬಹುದು, ಉಪಯೋಗಕ್ಕೆ ಬಂದಿದ್ದು ಐವತ್ತೂ ಇಲ್ಲ, ಅದರಲ್ಲೂ ಅರ್ಧ ಚೌಕಿಯಲ್ಲಿ ಕೂತಿರೋರದ್ದು. ರಂಗಸ್ಥಳದಲ್ಲಿ ಲೆನ್ಸ್ ಹಿಂದೆ ಮುಂದೆ, ಹಿಂದೆ ಮುಂದೆ, ಹಸಿರು ಬಾಕ್ಸ್ ಬರುತ್ತೆ, ಕ್ಲಿಕ್ ಮಾಡಿದ್ರೆ ಕಿರೀಟದ ತುದಿ ಶಾರ್ಪ್, ಕಣ್ಣು ಮೇಣ. ಅದಕ್ಕೆ ಸರಿಯಾಗಿ ಆ ಊರಲ್ಲಿ ಲೈಟಿನೋರು ಹಾಕಿದ್ದು ಅಗ್ಗದ ಎಲ್‌ಇಡಿ, ಜನರೇಟರ್ ಮೇಲೆ ಓಡ್ತಿತ್ತು, ಕಣ್ಣಿಗೆ ಕಾಣದಷ್ಟು ಮಿಣುಗುಡ್ತಿತ್ತು, ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡೋ ಬಾಡಿಗೆ ಆ ಮಿಣುಕು ಸಾಕು ತಲೆ ಕೆಡೋಕೆ.

ಎರಡನೇ ಸಲ 100ಎಸ್ ಬಾಡಿಗೆಗೆ ತಂದೆ, ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಎಸ್, 2021ರಲ್ಲಿ ಬಂತಲ್ಲ ಅದು. ಸೆನ್ಸರ್ ಪೂರ್ತಿ ಫೇಸ್ ಡಿಟೆಕ್ಟ್ ಇದೆ (ಮುಖದ face ಅಲ್ಲ, phase; ಲೆನ್ಸ್ ಯಾವ ಕಡೆ ಎಷ್ಟು ಸರೀಬೇಕು ಅಂತ ನೇರ ಲೆಕ್ಕ ಹಾಕುತ್ತೆ). ಇನ್ನು ಗೆದ್ದೆ ಅಂದ್ಕೊಂಡು ಹೋದ್ರೆ ಅದೇ 80 ಹಾಕ್ಕೊಂಡು ಹೋಗಿದ್ದೆ. ಸ್ವಲ್ಪ ಸುಧಾರಿಸ್ತು ನಿಜ, ಆದ್ರೆ ಕುಣಿಯೋವಾಗ ಹತ್ತರಲ್ಲಿ ಎರಡು ಮೂರು ಸಿಕ್ರೆ ದೊಡ್ಡದು. ಎರಡು ತಿಂಗಳು ನಾನೂ ಎಲ್ಲರ ಹಾಗೆ "ಮೀಡಿಯಂ ಫಾರ್ಮ್ಯಾಟ್ ಎಎಫ್ ಅಂದ್ರೆ ಇಷ್ಟೇ" ಅಂತ ಕೈ ಬಿಟ್ಟಿದ್ದೆ. ಆಮೇಲೆ ಒಂದು ದಿನ ಮದುವೆ ರಿಸೆಪ್ಶನ್‌ಗೆ ಅಂತ ಇನ್ನೊಬ್ಬರ ಹತ್ರ ಇದ್ದ 110 ಎಫ್/2 ಇಸ್ಕೊಂಡೆ, ಅದೇ ಬಾಡಿ, ಅದೇ ಸೆಟ್ಟಿಂಗ್, ಕ್ಯಾಮೆರಾನೇ ಬದಲಾದ ಹಾಗೆ ಆಯ್ತು. ಮನೆಗೆ ಬಂದು ಎರಡೂ ಲೆನ್ಸಿನ ಹೆಸರು ಪೂರ್ತಿ ಓದಿದೆ. 110ರ ಹೆಸರಲ್ಲಿ ಎಲ್‌ಎಂ ಅಂತ ಇದೆ, ಲೀನಿಯರ್ ಮೋಟರ್. 80ರಲ್ಲಿ ಆ ಎರಡು ಅಕ್ಷರ ಇಲ್ಲ. 80ರ ಒಳಗೆ ಭಾರದ ಗಾಜು ಹಿಂದೆ ಮುಂದೆ ಹೋಗ್ಬೇಕು, ಆ ಮೋಟರ್ ನಿಧಾನ, ಆದ್ರೆ ಚಿತ್ರ ಅಂದ್ರೆ ಚಿತ್ರ, ಕೂತು ತೆಗೆಯೋ ಪೋರ್ಟ್ರೇಟಿಗೆ ಅದಕ್ಕೆ ಸಾಟಿ ಇಲ್ಲ. ನಾನು ಕುಣಿತಕ್ಕೆ ಅದನ್ನ ಆರಿಸ್ಕೊಂಡಿದ್ದೇ ತಪ್ಪು. ಹಾಗಾಗಿ ಇದೊಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಜಿಎಫ್ ಲೆನ್ಸ್ (ಈ ಕ್ಯಾಮೆರಾಗೆ ಕೂರೋ ಲೆನ್ಸ್‌ಗಳು) ತಗೊಳ್ಳೋವಾಗ ಎಫ್ ನಂಬರ್ ಆಮೇಲೆ ನೋಡಿ, ಮೊದಲು ಹೆಸರಲ್ಲಿ ಎಲ್‌ಎಂ ಇದೆಯಾ ನೋಡಿ. 110, 120 ಮ್ಯಾಕ್ರೋ, 250, 45-100, 32-64, 100-200, ಸಣ್ಣ 50 ಎಫ್/3.5 ಇವಕ್ಕೆಲ್ಲ ಇದೆ. 80, 63, 45, 55 ಎಫ್/1.7 ಇವಕ್ಕೆ ಇಲ್ಲ.

ಖರೀದಿ ಕಥೆ ಚುಟುಕಾಗಿ ಹೇಳ್ತೀನಿ. ಹೊಸದು ತಗೊಳ್ಳೋ ತಾಕತ್ತು ನನಗಿಲ್ಲ. ಫುಲ್ ಫ್ರೇಮ್‌ನ ಎರಡು ಲೆನ್ಸ್, ಒಂದು ಹಳೆ ಬಾಡಿ, ಎರಡು ಸ್ಟುಡಿಯೋ ಲೈಟ್ ಮಾರಿದೆ. ಅದರಲ್ಲಿ ಎರಡು ಲಕ್ಷ ಚಿಲ್ರೆ ಬಂತು. ಸೆಕೆಂಡ್ ಹ್ಯಾಂಡ್ 100ಎಸ್ ಎರಡೂಮುಕ್ಕಾಲು ಲಕ್ಷದ ಆಸುಪಾಸು, 110 ಒಂದೂಕಾಲು ಲಕ್ಷದ ಮೇಲೆ ಸ್ವಲ್ಪ. ಉಳಿದಿದ್ದಕ್ಕೆ ಸೊಸೈಟಿ ಸಾಲ. ಮನೆಯಲ್ಲಿ ನನ್ನವಳು ಕೇಳಿದ್ದು ಒಂದೇ ಪ್ರಶ್ನೆ, "ಮದುವೆಗೆ ಆಗುತ್ತಾ ಇದು?" ಆಗುತ್ತೆ ಅಂದೆ, ಆಯ್ತು ಕೂಡ, ದಂಪತಿ ಪೋರ್ಟ್ರೇಟ್ ಎಲ್ಲಾ ಈಗ ಇದರಲ್ಲೇ.

ಇನ್ನು 110 ಬಗ್ಗೆ. ಒಂದು ಕೆಜಿ ಭಾರ, 77ರ ಫಿಲ್ಟರ್, ಹತ್ತಿರದ ಫೋಕಸ್ 90 ಸೆಂಟಿಮೀಟರ್, ಫುಲ್ ಫ್ರೇಮ್ ಲೆಕ್ಕಕ್ಕೆ 87 ಎಂಎಂ ಇದ್ದ ಹಾಗೆ. ರಂಗಸ್ಥಳದ ಮುಂದೆ ನೆಲದ ಮೇಲೆ ಕೂತ್ರೆ ಕಲಾವಿದರಿಗೂ ನಮಗೂ ಐದು ಮೀಟರ್ ಅಂದಾಜು, ಅಷ್ಟು ದೂರದಲ್ಲಿ ಅಡ್ಡ ಹಿಡಿದ್ರೆ ಎರಡು ಮೀಟರ್ ಅಗಲ ಸಿಗುತ್ತೆ, ಅಂದ್ರೆ ಸೊಂಟದ ಮೇಲೆ ಕೈ ಚಾಚಿದ ವೇಷ ಪೂರ್ತಿ ಬರುತ್ತೆ. ಎಫ್/2ರಲ್ಲಿ ಆಟ ತೆಗೀಬೇಡಿ, ಆಸೆ ಆಗುತ್ತೆ ಆದ್ರೂ ಬೇಡ. ಎರಡು ಮೀಟರ್ ದೂರಕ್ಕೆ ಎಫ್/2ರಲ್ಲಿ ಪುಸ್ತಕದ ಲೆಕ್ಕದ ಡೆಪ್ತ್ (ಶಾರ್ಪ್ ಆಗಿ ಕಾಣೋ ಆಳ) ಐದು ಸೆಂಟಿಮೀಟರ್ ಅನ್ನುತ್ತೆ, ಅದು ಸಣ್ಣ ಪ್ರಿಂಟಿಗೆ. 100 ಮೆಗಾಪಿಕ್ಸೆಲನ್ನ ಪೂರ್ತಿ ಹಿಗ್ಗಿಸಿ ನೋಡೋ ಹಟ ಇದ್ರೆ ಒಂದು ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ರೆಪ್ಪೆ ಶಾರ್ಪ್ ಆದ್ರೆ ಚುಟ್ಟಿ ಹೋಯ್ತು. ನಾನು ರಂಗಸ್ಥಳದಲ್ಲಿ ಎಫ್/2.8, ಚೌಕಿಯಲ್ಲಿ ಎಫ್/4. ಎಫ್/5.6 ದಾಟಿದ್ರೆ ಆ ಬೆಳಕಲ್ಲಿ ಎಎಫ್-ಸಿ (ಬಿಡದೆ ಹಿಂಬಾಲಿಸೋ ಫೋಕಸ್) ತಡವರಿಸೋದನ್ನ ಕಣ್ಣಾರೆ ನೋಡಿದ್ದೀನಿ, ಅದಕ್ಕೇ 100-200 ಎಫ್/5.6 ಎಷ್ಟು ಚಂದದ ಲೆನ್ಸ್ ಆದ್ರೂ ರಾತ್ರಿ ಆಟಕ್ಕೆ ನಾನು ಮುಟ್ಟಲ್ಲ. 45-100 ಎಫ್/4 ಎರಡನೇ ವರ್ಷ ತಗೊಂಡೆ, ಒಡ್ಡೋಲಗದಲ್ಲಿ ನಾಲ್ಕೈದು ವೇಷ ಒಟ್ಟಿಗೆ ಇದ್ದಾಗ ಅದೇ ಬೇಕು. 250 ಎಫ್/4 ವರ್ಷಕ್ಕೆ ಎರಡು ಸಲ ಬಾಡಿಗೆ, ಹೆಚ್ಚುಕಮ್ಮಿ ಒಂದೂವರೆ ಕೆಜಿ ಇದೆ, ಬೆಳಗಿನ ಜಾವದ ತನಕ ಕೈಯಲ್ಲಿ ಹಿಡಿಯೋಕೆ ಆಗಲ್ಲ, ಮೋನೋಪಾಡ್ ಬೇಕು.

ಚೌಕಿಯ ಸೆಟ್ಟಿಂಗ್ ಸುಲಭ, ಬೇಗ ಹೇಳಿ ಮುಗಿಸ್ತೀನಿ. ಎಎಫ್-ಎಸ್ (ಒಂದ್ಸಲ ಹಿಡಿದು ನಿಲ್ಲೋ ಫೋಕಸ್), ಸಿಂಗಲ್ ಪಾಯಿಂಟ್, 425 ಪಾಯಿಂಟ್ ಇಟ್ಕೊಂಡು ಚೌಕವನ್ನ ಚಿಕ್ಕದಕ್ಕಿಂತ ಒಂದು ಮೆಟ್ಟಿಲು ದೊಡ್ಡದು ಮಾಡಿ. ತೀರಾ ಚಿಕ್ಕದು ಮಾಡಿದ್ರೆ ಅರ್ದಾಳ ಬಳಿದ ನುಣುಪು ಕೆನ್ನೆ ಮೇಲೆ ಅದಕ್ಕೆ ಹಿಡಿಯೋಕೆ ಏನೂ ಸಿಗಲ್ಲ. ಸ್ತ್ರೀವೇಷ, ಪುಂಡುವೇಷಕ್ಕೆ (ಚುರುಕಿನ ಯುವಕರ ಪಾತ್ರ) ಐ ಡಿಟೆಕ್ಷನ್ ಆನ್, ಕಣ್ಣು ಆಟೋ, ಅದು ಚೆನ್ನಾಗೇ ಕೆಲಸ ಮಾಡುತ್ತೆ. ಎಎಫ್ ಇಲ್ಯುಮಿನೇಟರ್ ಮಾತ್ರ ಆಫ್, ಅದನ್ನ ಮೊದಲು ಮಾಡಿ. ಮೊದಲ ವರ್ಷ ಒಬ್ಬ ಹಿರಿಯ ಕಲಾವಿದರು ಕನ್ನಡಿ ನೋಡ್ಕೊಂಡು ಕಣ್ಣಿಗೆ ಕಾಡಿಗೆ ಎಳೀತಿದ್ರು, ನನ್ನ ಕ್ಯಾಮೆರಾದ ಲೈಟ್ ಸೀದಾ ಕನ್ನಡಿಗೆ ಬಿತ್ತು, ಕೈ ಅಲುಗಿ ಗೆರೆ ಹಾಳಾಯ್ತು. "ಮಾಣಿ, ಆ ದೀಪ ನಂದ್ಸು, ಇಲ್ದಿದ್ರೆ ಹೊರಗೆ ಹೋಗು" ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆಮೇಲೆ ಆ ಲೈಟ್ ನನ್ನ ಯಾವ ಕ್ಯಾಮೆರಾದಲ್ಲೂ ಆನ್ ಆಗಿಲ್ಲ. ಬೀಪ್ ಸದ್ದೂ ಆಫ್, ಚೌಕಿಪೂಜೆ ಹೊತ್ತಿಗಂತೂ ಕ್ಯಾಮೆರಾ ಕೆಳಗೆ.

ಫೋಕಸ್ ಮಾಡೋ ಫೇಸ್ (phase) ಡಿಟೆಕ್ಟ್ ಪಿಕ್ಸೆಲ್‌ಗಳು ನಿಂತ ಗೆರೆಗಳನ್ನ ಹಿಡಿದಷ್ಟು ಚುರುಕಾಗಿ ಅಡ್ಡ ಗೆರೆಗಳನ್ನ ಹಿಡಿಯಲ್ಲ. ಆದ್ರೆ ವೇಷದ ಮುಖದಲ್ಲಿ ಹುಬ್ಬು, ಹಣೆಪಟ್ಟಿ, ಕಣ್ಣಿನ ಕಾಡಿಗೆ ಎಲ್ಲಾ ಅಡ್ಡ ಗೆರೆಗಳೇ. ಕ್ಯಾಮೆರಾ ಅಡ್ಡ ಹಿಡಿದು ಫೋಕಸ್ ಕೂರದೇ ಇದ್ರೆ ಸ್ವಲ್ಪ ಓರೆ ಮಾಡಿ, ಹಿಡಿದ ಮೇಲೆ ನೆಟ್ಟಗೆ ಮಾಡಿ. ಕ್ಯಾಮೆರಾನೇ ಉದ್ದಕ್ಕೆ ತಿರುಗಿಸಿ ಹಿಡಿದ್ರೆ ಈ ಸಮಸ್ಯೆ ಅರ್ಧ ಇರಲ್ಲ. ಇದನ್ನ ಕಂಡ್ಕೊಳ್ಳೋಕೆ ನನಗೆ ಒಂದು ಪೂರ್ತಿ ಸೀಸನ್ ಬೇಕಾಯ್ತು.

ರಂಗಸ್ಥಳ ಬೇರೆ ಲೋಕ. ಅಲ್ಲಿ ನನ್ನ ದೊಡ್ಡ ಶತ್ರು ಮುಖ ಗುರುತಿಸೋ ಸೌಲಭ್ಯವೇ ಆಗಿತ್ತು ಅಂದ್ರೆ ನಂಬಲ್ಲ ನೀವು. ಬಣ್ಣದ ವೇಷದ ಮುಖ ಕ್ಯಾಮೆರಾಗೆ ಮುಖ ಅಂತಲೇ ಅನ್ಸಲ್ಲ, ಬಿಳಿ ಕೆಂಪು ಕಪ್ಪು, ಮೂಗಿನ ಮೇಲೆ ಚೆಂಡು, ಚುಟ್ಟಿ, ಕೋರೆಹಲ್ಲು. ಅದರ ಹಿಂದೆ ಎರಡು ಮೀಟರ್ ದೂರದಲ್ಲಿ ಭಾಗವತ್ರು ಕೂತಿರ್ತಾರೆ, ಪಕ್ಕದಲ್ಲಿ ಮದ್ದಳೆ, ಚೆಂಡೆಯೋರು, ಎಲ್ಲಾ ಬಣ್ಣ ಇಲ್ಲದ ಸಾದಾ ಮುಖ. ಕ್ಯಾಮೆರಾ ಖುಷಿಯಿಂದ ಸೀದಾ ಅಲ್ಲಿಗೆ ಹೋಗುತ್ತೆ. ಒಂದು ರಾತ್ರಿಯ ರಾವಣನ ಸುಮಾರು ನೂರು ಫ್ರೇಮಿನಲ್ಲಿ ಭಾಗವತರ ಮುಂಡಾಸಿನ ನೂಲು ಲೆಕ್ಕ ಹಾಕ್ಬಹುದಿತ್ತು, ರಾವಣ ಮಂಜು. ಹಾಗಾಗಿ ಈ ಮುಖ ಗುರುತಿಸೋದರ ಆನ್-ಆಫನ್ನ ಮುಂದಿನ ಎಫ್ಎನ್ ಬಟನ್‌ಗೆ ಹಾಕ್ಕೊಂಡೆ. ಸ್ತ್ರೀವೇಷ ಬಂತು, ಆನ್. ಬಣ್ಣದ ವೇಷ ಬಂತು, ಆಫ್. ಬೆರಳಿಗೆ ಅಭ್ಯಾಸ ಆಗೋಕೆ ಹತ್ತು ಆಟ ಬೇಕು.

ಶಟರ್ ಬಟನ್‌ನಿಂದ ಎಎಫ್ ತೆಗೆದುಬಿಡಿ, ಎಎಫ್-ಆನ್ ಬಟನ್ ಒಂದರಲ್ಲೇ ಇರ್ಲಿ. ಎಎಫ್-ಸಿ, ಜೋನ್, ಅದೂ ಚಿಕ್ಕ ಜೋನ್, 3x3. ವೈಡ್ ಟ್ರ್ಯಾಕಿಂಗ್ ಇಟ್ರೆ ಅದು ಕತ್ತಿ, ಗದೆ, ಬಿಲ್ಲು ಯಾವುದು ಮುಂದೆ ಬಂತೋ ಅದರ ಹಿಂದೆ ಓಡುತ್ತೆ. ಪಾಯಿಂಟ್ ಸಂಖ್ಯೆ ಇಲ್ಲಿ 117 ಸಾಕು, ಜಾಯ್‌ಸ್ಟಿಕ್‌ನಲ್ಲಿ ಬೇಗ ಸರಿಸ್ಬಹುದು. ಎಎಫ್-ಸಿ ಕಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲರೂ ಮಾಡೋ ತಪ್ಪು ನಾನೂ ಮಾಡ್ದೆ. ಕುಣಿತ ಅಂದ ಮೇಲೆ ಎತ್ತೆಂದರತ್ತ ಓಡೋ ವಸ್ತುವಿಗೆ ಇರೋ ಸೆಟ್ 5 ಸರಿ ಅಂತ ಅದನ್ನ ಹಾಕಿದೆ. ಫಲಿತಾಂಶ ಹಾಳು. ಮನೆಯಲ್ಲಿ ಕೂತು ಆಟದ ವಿಡಿಯೋ ಹಾಕಿ ನೋಡಿದಾಗ ಹೊಳೀತು. ಮಂಡಿ ಹಾಕೋವಾಗ ಆಗ್ಲಿ, ನಿಂತಲ್ಲೇ ಸುತ್ತು ಹೊಡೆಯೋವಾಗ ಆಗ್ಲಿ ಕಲಾವಿದರು ತಿರುಗ್ತಾರೆಯೇ ಹೊರತು ನಮ್ಮ ಕಡೆಗೆ ಓಡಿ ಬರಲ್ಲ, ದೂರ ಹೆಚ್ಚು ಬದಲಾಗಲ್ಲ. ಬದಲಾಗೋದು ನಡುವೆ ಅಡ್ಡ ಬರೋ ಕೈ, ಭುಜಕೀರ್ತಿ, ಹಾರೋ ಶಾಲು. ಅಂದ್ರೆ ಕ್ಯಾಮೆರಾ ಚುರುಕಾಗಿ ಓಡೋದು ಬೇಡ, ತಾಳ್ಮೆಯಿಂದ ಕಾಯೋದು ಬೇಕು. ಸೆಟ್ 6ರಲ್ಲಿ ನಾನೇ ಮಾಡ್ಕೊಂಡೆ, ಟ್ರ್ಯಾಕಿಂಗ್ ಸೆನ್ಸಿಟಿವಿಟಿ 4, ಅಂದ್ರೆ ಅತಿ ಹೆಚ್ಚು ಕಾಯೋದು. ಸ್ಪೀಡ್ ಟ್ರ್ಯಾಕಿಂಗ್ 0. ಮೂರನೇದು ಜೋನ್ ಸ್ವಿಚಿಂಗ್, ಅದರಲ್ಲಿ ಇರೋದೇ ಮೂರು ಆಯ್ಕೆ, ತೆಂಕಿಗೆ ಒಂದು ಬಡಗಿಗೆ (ಉತ್ತರದ ಶೈಲಿ) ಒಂದು ಅಂತ ನಾನು ಬದಲಾಯಿಸ್ತೀನಿ. ಯಾವುದಕ್ಕೆ ಯಾವುದು ಅಂತ ಇಲ್ಲಿ ಬರೆಯಲ್ಲ, ಎರಡು ರಾತ್ರಿ ನಿದ್ದೆಗೆಟ್ರೆ ನಿಮಗೂ ಸಿಗುತ್ತೆ.

ರಿಲೀಸ್ ಪ್ರಯಾರಿಟಿನಾ ಫೋಕಸ್ ಪ್ರಯಾರಿಟಿನಾ ಅನ್ನೋ ಚರ್ಚೆ ತುಂಬಾ ಇದೆ. ಎಎಫ್-ಸಿಗೆ ನನ್ನದು ರಿಲೀಸ್, ಫೋಕಸ್ ಕೂರ್ಲಿ ಬಿಡ್ಲಿ ಒತ್ತಿದ ಕೂಡ್ಲೇ ಕ್ಲಿಕ್ ಆಗೋದು. ಚೆಂಡೆಯ ಮುಕ್ತಾಯದ ಪೆಟ್ಟಿಗೆ ಸರಿಯಾಗಿ ನಿಲ್ಲೋ ಭಂಗಿ ಒಂದು ಕ್ಷಣದ್ದು, ಆ ಕ್ಷಣ ಕ್ಯಾಮೆರಾ ಯೋಚನೆ ಮಾಡ್ತಾ ಕೂರೋದು ನನಗೆ ಬೇಡ. ಇನ್ನೊಂದು, ಇದರಲ್ಲಿ ಸೆಕೆಂಡಿಗೆ ಐದು ಫ್ರೇಮ್ ಅಂತ ಬರ್ದಿದ್ದಾರೆ ಅಂತ ಬರ್ಸ್ಟ್ ಹೊಡಿಯೋಕೆ ಹೋಗ್ಬೇಡಿ, ಮದುವೆ ಕ್ಯಾಮೆರಾದ ಹಾಗಲ್ಲ ಇದು. ತಾಳ ಗೊತ್ತಿರ್ಬೇಕು. ನಾನು ಚಿಕ್ಕಂದಿನಲ್ಲಿ ಎರಡು ವರ್ಷ ಚೆಂಡೆ ಕಲಿತಿದ್ದೆ, ಯಾವ ಪೆಟ್ಟಿಗೆ ನಿಲ್ತಾರೆ ಅಂತ ಕಿವಿಗೆ ಗೊತ್ತಾಗುತ್ತೆ, ಒಂದೇ ಒಂದು ಕ್ಲಿಕ್. ಇದು ಸ್ವಲ್ಪ ಜಂಬದ ಮಾತೇ, ಆದ್ರೆ ನಿಜ.

ಶಟರ್ ಅಭಿನಯಕ್ಕೆ 1/250, ಧೀಂಗಿಣಕ್ಕೆ 1/640. ಐಎಸ್‌ಒ 3200ರಿಂದ 6400, ಏನೂ ಹೆದರೋದು ಬೇಡ, ಪ್ರಿಂಟಲ್ಲಿ ಗ್ರೇನ್ ಕಾಣೋದೇ ಇಲ್ಲ. ಎಲೆಕ್ಟ್ರಾನಿಕ್ ಶಟರ್ ಮಾತ್ರ ಬೇಡವೇ ಬೇಡ. ಸದ್ದಿಲ್ಲ ಅನ್ನೋ ಆಸೆಗೆ ಒಂದು ರಾತ್ರಿ ಹಾಕಿದ್ದೆ, ಸೆನ್ಸರ್ ಓದೋದು ನಿಧಾನ, ಎಲ್‌ಇಡಿ ಕೆಳಗೆ ಫ್ರೇಮ್ ಪೂರ್ತಿ ಪಟ್ಟೆ ಪಟ್ಟೆ, ಬೀಸಿದ ಗದೆ ಬಾಳೆಹಣ್ಣಿನ ಹಾಗೆ ಬಗ್ಗಿತ್ತು. ಮುನ್ನೂರು ಫ್ರೇಮ್ ಅಳಿಸಿದೆ.

ತೆರೆಕುಣಿತಕ್ಕೆ ಆಟೋಫೋಕಸ್ ನಂಬೋದೇ ತಪ್ಪು. ಇಬ್ಬರು ಪರದೆ ಹಿಡಿದಿರ್ತಾರೆ, ಹಿಂದೆ ವೇಷ ಅಬ್ಬರ ಕೊಡ್ತಾ ಇರುತ್ತೆ, ಮೇಲೆ ಕಿರೀಟದ ತುದಿ, ಬದಿಯಲ್ಲಿ ಬೆರಳು ಮಾತ್ರ. ಕ್ಯಾಮೆರಾ ಪರದೆಯ ನೆರಿಗೆ ಹಿಡಿಯುತ್ತೆ, ಹಿಡೀಲಿ ಬಿಡಿ. ಎಎಫ್-ಆನ್ ಒಂದ್ಸಲ ಒತ್ತಿ ಪರದೆಗೆ ಫೋಕಸ್ ಮಾಡಿ, ಬೆರಳು ತೆಗೆದುಬಿಡಿ, ಎಫ್/4. ಪರದೆಗೂ ಮುಖಕ್ಕೂ ಒಂದಡಿ ಅಂತರ ಇರುತ್ತೆ, ಪರದೆ ಇಳಿಯೋವಾಗ ಫೋಕಸ್ ರಿಂಗ್ ಒಂದು ಕೂದಲೆಳೆಯಷ್ಟು ಹಿಂದಕ್ಕೆ, ಅಷ್ಟೇ. ಎಷ್ಟು ತಿರುಗಿಸ್ಬೇಕು ಅನ್ನೋದಕ್ಕೆ ನಾನು ರಿಂಗಿಗೆ ಒಂದು ಗುರುತು ಮಾಡ್ಕೊಂಡಿದ್ದೀನಿ, ಅದು ಹೇಗೆ ಅಂತ ಬೇಕಾದೋರು ಆಟಕ್ಕೆ ಬನ್ನಿ, ತೋರಿಸ್ತೀನಿ.

ಎಲ್ಲಕ್ಕಿಂತ ಕಷ್ಟದ್ದು ದೇವಿಮಹಾತ್ಮೆಯ ಮಹಿಷಾಸುರ. ಅವನು ಚೌಕಿಯಿಂದ ರಂಗಸ್ಥಳಕ್ಕೆ ನೇರ ಬರಲ್ಲ, ಜನರ ನಡುವಿಂದ ದೊಂದಿ ಬೆಳಕಲ್ಲಿ ಬರ್ತಾನೆ, ದೊಂದಿಗೆ ರಾಳದ ಪುಡಿ ಎಸೀತಾರೆ, ಭಗ್ ಅಂತ ಬೆಂಕಿ ಏಳುತ್ತೆ, ಮರುಕ್ಷಣ ಕತ್ತಲು. ಎರಡು ವರ್ಷ ಸೋತೆ ಇದರಲ್ಲಿ. ಬೆಂಕಿ ಎದ್ದಾಗ ಕ್ಯಾಮೆರಾ ಬೆಂಕಿಗೆ ಫೋಕಸ್ ಮಾಡುತ್ತೆ, ಆರಿದಾಗ ಹೊಗೆಗೆ. ಇಲ್ಲಿ ಮಾತ್ರ ನನ್ನ ತಾಳ್ಮೆಯ ಸೆಟ್ ಕೆಲಸ ಮಾಡಲ್ಲ, ಯಾಕಂದ್ರೆ ಅವನು ನಿಜವಾಗ್ಲೂ ನಮ್ಮ ಕಡೆಗೇ ಬರ್ತಾನೆ. ಮೂರನೇ ವರ್ಷ ಎಎಫ್ ರೇಂಜ್ ಲಿಮಿಟರ್ ಹಾಕಿದೆ, ಎರಡು ಮೀಟರಿಂದ ಆರು ಮೀಟರ್ ಅಂತ ಕಸ್ಟಮ್, ಅಷ್ಟರೊಳಗೆ ಮಾತ್ರ ಹುಡುಕು ಅಂತ. ಹಿಂದಿನ ಕತ್ತಲಿಗೆ ಓಡೋದು ಅಲ್ಲಿಗೆ ನಿಂತಿತು. ಸೆಟ್ 3ಕ್ಕೆ (ವೇಗ ಹೆಚ್ಚುಕಮ್ಮಿ ಆಗೋ ವಸ್ತುವಿಗೆ ಇರೋದು) ಬದಲಾಯಿಸಿ ಜೋನನ್ನ ಮುಖಕ್ಕಲ್ಲ, ಎದೆಯ ಆಭರಣಕ್ಕೆ ಇಟ್ಟೆ, ಅಲ್ಲಿ ಕನ್ನಡಿ ಚೂರು, ಮಣಿ ಎಲ್ಲಾ ಮಿಂಚೋದ್ರಿಂದ ಕ್ಯಾಮೆರಾಗೆ ಹಿಡಿಯೋಕೆ ಬೇಕಾದಷ್ಟು ಸಿಗುತ್ತೆ, ಎಫ್/3.2ರಲ್ಲಿ ಮುಖ ತಾನಾಗೇ ಒಳಗೆ ಬರುತ್ತೆ. ಆ ರಾತ್ರಿ ಅರವತ್ತು ಫ್ರೇಮ್‌ನಲ್ಲಿ ಇಪ್ಪತ್ತೆರಡು ಸಿಕ್ತು. ಅದರಲ್ಲಿ ಒಂದು, ಕೋಡಿನ ಹಿಂದೆ ರಾಳದ ಬೆಂಕಿ ಅರಳಿ ನಿಂತಿರೋದು, ಕಣ್ಣೊಳಗೆ ದೊಂದಿಯ ಪ್ರತಿಬಿಂಬ ಕಾಣುತ್ತೆ. ಅದನ್ನ ಸ್ಕ್ರೀನ್ ಮೇಲೆ ನೋಡಿದಾಗ ನಾನು ಕಾರಲ್ಲಿ ಒಬ್ಬನೇ ಕೂತು ಕೂಗಿಬಿಟ್ಟೆ, ಬೆಳಗಿನ ಜಾವ ನಾಲ್ಕು ಗಂಟೆ ಇರ್ಬಹುದು.

ನಡುವೆ ಮಾಡಿದ ಪ್ರಯೋಗಗಳೂ ಇವೆ. ಮಾರದೆ ಉಳಿಸ್ಕೊಂಡಿದ್ದ ಹಳೆ ಕ್ಯಾನನ್ ಇಎಫ್ 135 ಎಫ್/2 ಲೆನ್ಸನ್ನ ಅಡಾಪ್ಟರ್ ಹಾಕಿ ನೋಡ್ದೆ, ಅಡಾಪ್ಟರಿಗೇ ಇಪ್ಪತ್ತು ಸಾವಿರದ ಮೇಲೆ. ಸೆನ್ಸರ್ 43.8 ಇಂಟು 32.9 ಎಂಎಂ ಆದ್ರೂ ಆ ಲೆನ್ಸ್ ಹೆಚ್ಚುಕಮ್ಮಿ ತುಂಬುತ್ತೆ, ಮೂಲೆ ಸ್ವಲ್ಪ ಕಪ್ಪಾಗುತ್ತೆ ಅಷ್ಟೇ, ಆಟದಲ್ಲಿ ಮೂಲೆ ಹೇಗೂ ಕತ್ತಲೆ. ಎಎಫ್ ನಿಂತಿರೋರಿಗೆ ಪರವಾಗಿಲ್ಲ, ಆದ್ರೆ ಕುಣಿತದಲ್ಲಿ ಅಡಾಪ್ಟರ್ ಎರಡು ಸಲ ಹ್ಯಾಂಗ್ ಆಗಿ ಬ್ಯಾಟರಿ ತೆಗೆದು ಹಾಕ್ಬೇಕಾಯ್ತು. ಮಾರಿಬಿಟ್ಟೆ, ಆರು ಸಾವಿರ ಲುಕ್ಸಾನು. ಇನ್ನೊಂದು ಪ್ರಯೋಗ ಸಕ್ಸೆಸ್. 110ರ ಹಿಂದೆ 18ರ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ ಬರೀ ಚುಟ್ಟಿ ತೆಗೆದೆ. ಅಷ್ಟು ಹತ್ತಿರಕ್ಕೆ ಎಎಫ್ ಬಿಟ್ಟು ಮ್ಯಾನುಯಲ್, ಎಫ್/8, ಚೌಕಿಯ ಬಲ್ಬಿನ ಬೆಳಕಲ್ಲೇ 1/30, ಬಾಡಿಯ ಸ್ಟೆಬಿಲೈಸೇಶನ್ ಹಿಡ್ಕೊಳ್ಳುತ್ತೆ, ಕಲಾವಿದರು ಉಸಿರು ಬಿಡೋ ಲಯ ನೋಡ್ಕೊಂಡು ನಾವೇ ಕೂದಲೆಳೆಯಷ್ಟು ಮುಂದೆ ಹಿಂದೆ ವಾಲ್ಬೇಕು. ಹಿಟ್ಟು ಒಣಗಿ ಬಿರುಕು ಬಿಡೋದು, ಕಡ್ಡಿಯ ತುದಿಯಲ್ಲಿ ಮುಳ್ಳು ಎಳೆಯೋದು, ಎಲ್ಲಾ ಸಿಕ್ತು. 35 ಎಂಎಂ ಮೋಡ್ ಕ್ರಾಪ್ ಕೂಡ ಬಳಸಿ, 60 ಮೆಗಾಪಿಕ್ಸೆಲ್ ಉಳಿಯುತ್ತೆ, ಹಿಂದೆ ಕೂತಾಗ 110 ಸಾಕಾಗದೇ ಇದ್ರೆ ಅದೇ ಗತಿ, ವ್ಯೂಫೈಂಡರ್‌ನಲ್ಲಿ ಮುಖ ದೊಡ್ಡದಾಗಿ ಕಾಣೋದ್ರಿಂದ ಜೋನ್ ಇಡೋದೂ ಸುಲಭ.

ಬ್ಯಾಟರಿ ವಿಷಯ. ಪ್ರೀ-ಎಎಫ್ (ಬಟನ್ ಒತ್ತೋ ಮುಂಚೆನೇ ಫೋಕಸ್ ಹುಡುಕೋದು) ಆಫ್ ಮಾಡಿ, ಸುಮ್ನೆ ತಿನ್ನುತ್ತೆ. ಬೂಸ್ಟ್ ಆನ್ ಇರ್ಲಿ, ಅದರಲ್ಲಿ ಜಿಪುಣತನ ಮಾಡಿದ್ರೆ ಎಎಫ್ ಮಂದ ಆಗುತ್ತೆ. ಇಡೀ ರಾತ್ರಿಯ ಬಯಲಾಟಕ್ಕೆ ಮೂರು ಬ್ಯಾಟರಿ, ಕೆಲವೇ ಗಂಟೆಯಲ್ಲಿ ಮುಗಿಯೋ ಕಾಲಮಿತಿ ಆಟಕ್ಕೆ ಎರಡು ಸಾಕು. ಫೈಲ್ ಒಂದೊಂದು ಕಂಪ್ರೆಸ್ ಮಾಡಿದ್ರೂ ನೂರು ಎಂಬಿ ಹತ್ತಿರ, ಒಂದು ಸೀಸನ್‌ಗೆ ಎರಡು ಹಾರ್ಡ್ ಡಿಸ್ಕ್ ಹೋಯ್ತು. ನಮ್ಮ ಕರಾವಳಿಯೋರಿಗೆ ಇನ್ನೊಂದು ಮಾತು, ಡ್ರೈ ಕ್ಯಾಬಿನೆಟ್ ಇಲ್ಲದೆ ಈ ಲೆನ್ಸ್ ತಗೋಬೇಡಿ. ಒಂದೇ ಮಳೆಗಾಲದಲ್ಲಿ ನನ್ನ ಹಳೆ ಲೆನ್ಸಿಗೆ ಫಂಗಸ್ ಬಂದು ಹನ್ನೊಂದು ಸಾವಿರ ಕೊಟ್ಟು ಕ್ಲೀನ್ ಮಾಡ್ಸಿದ್ದೀನಿ, ಕ್ಯಾಬಿನೆಟ್ ಅದಕ್ಕಿಂತ ಕಮ್ಮಿಗೆ ಬಂತು.

ದುಡ್ಡು ವಾಪಸ್ ಬಂತಾ ಅಂತ ಕೇಳ್ತೀರಲ್ಲ. ಪೂರ್ತಿ ಇಲ್ಲ. 30-40 ಇಂಚಿನ ಪ್ರಿಂಟ್ ಇಲ್ಲೀವರೆಗೆ ಹದಿನಾಲ್ಕೋ ಹದಿನೈದೋ ಹೋಗಿದೆ, ಹೆಚ್ಚಿನವು ಕಲಾವಿದರ ಅಭಿಮಾನಿಗಳು ಸನ್ಮಾನಕ್ಕೆ ಕೊಡೋಕೆ ಅಂತ ಮಾಡ್ಸಿದ್ದು, ಕೆಲವು ದುಬೈ, ಮುಂಬೈಯಲ್ಲಿರೋ ನಮ್ಮೂರೋರು. ಒಳ್ಳೆ ಕಾಗದ, ಫ್ರೇಮ್ ಖರ್ಚು ಕಳೆದು ಒಂದಕ್ಕೆ ಆರೇಳು ಸಾವಿರ ಉಳೀತು. ಮದುವೆ ಪ್ಯಾಕೇಜಲ್ಲಿ ದೊಡ್ಡ ಪೋರ್ಟ್ರೇಟ್ ಸೇರಿಸಿದ್ದರಿಂದ ಬಂದಿದ್ದು ಅದಕ್ಕಿಂತ ಜಾಸ್ತಿ. ಸೊಸೈಟಿ ಸಾಲ ಇನ್ನೊಂದು ವರ್ಷ ಇದೆ. ಕಾಡಿಗೆ ಗೆರೆ ತಪ್ಪಿಸ್ಕೊಂಡಿದ್ದ ಆ ಹಿರಿಯರ ಮನೆಗೂ ಒಂದು ಪ್ರಿಂಟ್ ಕೊಟ್ಟು ಬಂದೆ, ದುಡ್ಡು ತಗೊಳ್ಳಲಿಲ್ಲ. ಅವರು ಕನ್ನಡಕ ಹಾಕ್ಕೊಂಡು ಗೋಡೆಗೆ ಮೂಗು ತಾಗೋಷ್ಟು ಹತ್ತಿರ ನಿಂತು ತಮ್ಮ ಚುಟ್ಟಿಯನ್ನ ಸಾಲು ಸಾಲಾಗಿ ನೋಡಿದ್ರು, ಎಡಗೆನ್ನೆಯಲ್ಲಿ ಒಂದು ಕಡೆ ಬೆರಳಿಟ್ಟು "ಇಲ್ಲೊಂದು ಮುಳ್ಳು ಬಿದ್ದಿದೆ ನೋಡು, ಆವತ್ತು ನನಗೇ ಗೊತ್ತಾಗ್ಲಿಲ್ಲ" ಅಂದ್ರು. ಬರೋ ದೀಪಾವಳಿ ಆದ ಮೇಲೆ ಚುಟ್ಟಿ ಇಡೋದನ್ನ ಮೊದಲಿಂದ ಕೊನೆ ತನಕ ತೆಗಿ, ನಾನು ಕೂತ್ಕೊಳ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಅದಕ್ಕೆ 120 ಮ್ಯಾಕ್ರೋ ಬಾಡಿಗೆಗೆ ಈಗಲೇ ಹೇಳಿಟ್ಟಿದ್ದೀನಿ.

ಮಂಗಳ ಹಾಡಿರ್ತಾರೆ ಅಂದಿದ್ದ ಗೆಳೆಯ ಹೋದ ತಿಂಗಳು ಫೋನ್ ಮಾಡಿದ್ದ, ಅವನೂ ಒಂದು ಸೆಕೆಂಡ್ ಹ್ಯಾಂಡ್ 100ಎಸ್ ನೋಡಿದ್ದಾನಂತೆ, ಜೊತೆಗೆ 80 ಕೊಡ್ತಾರಂತೆ. ಬಾಡಿ ತಗೋ, 80 ಬಿಡು, ಆ ದುಡ್ಡಿಗೆ 45-100 ಹುಡುಕು ಅಂದಿದ್ದೀನಿ. ಮೊದಲ ಸೇವೆ ಆಟಕ್ಕೆ ಇಬ್ಬರೂ ಒಟ್ಟಿಗೆ ಹೋಗೋದು.